ಲಾರಿಗಳು ಮಲಗುವ ಪುಸ್ತಕ

ಮಕ್ಕಳಿಲ್ಲದವರಿಗೆ ಮಕ್ಕಳನ್ನು ಹೇಗೆ ಬೆಳೆಸಬೇಕೆಂಬುದು ಚೆನ್ನಾಗಿ ಗೊತ್ತಿರುತ್ತದೆ. ಹೆತ್ತವರಿಗೆ ಪಾಪ, ಅದನ್ನೆಲ್ಲ ಯೋಚಿಸಲು ಪುರುಸೊತ್ತಾದರೂ ಎಲ್ಲಿ? ನನಗೂ ನನ್ನ ಹೆಂಡತಿ ಕಮಲಾಳಿಗೂ ಮಕ್ಕಳಾಗಲಿಲ್ಲವಾದ್ದರಿಂದ, ನಿಪ್ಪಾಣಿಯ ನಮ್ಮ ಓಣಿಯಲ್ಲಿ ಯಾವ ಮಗು ಅತ್ತರೂ ಅದು ಏಕೆ ಅತ್ತಿತು, ಏನು ಮಾಡಿದರೆ ಸುಮ್ಮನಾದೀತು ಎಂದು ನಾನು ಕಟ್ಟೆಯ ಮೇಲೆ ಕೂತಲ್ಲಿಂದಲೇ ಹೇಳಿಬಿಡುತ್ತಿದ್ದೆ. "ಸಾಕ್ ಸುಮ್ನಿರ್ರಿ. ಈಜು ಬರಲಾರದವ್ರು ದಂಡಿ ಮ್ಯಾಲ ನಿಂತು ಕಲಿಸಿದಂಗಾತು ನಿಮ್ಮದು" ಎಂದು ಕಮಲಾ ಒಳಗಿನಿಂದ ಅನ್ನುತ್ತಿದ್ದಳು. ನಾನು ಸುಮ್ಮನಿರುತ್ತಿರಲಿಲ್ಲ. ಸುಮ್ಮನಿದ್ದಿದ್ದರೆ ಈ ಪ್ರಬಂಧ ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ಎಂಬತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ನಾನು ಹೆದ್ದಾರಿಯ ಮಗ್ಗುಲಿನ ಒಂದು ಲಾರಿ ಆಫೀಸಿನಲ್ಲಿ ಕಾರಕೂನನಾಗಿದ್ದೆ. ನನ್ನ ಕೆಲಸ ಬಿಲ್ಟಿ ಬರೆಯುವುದು. ಯಾವ ಮಾಲು, ಎಲ್ಲಿಂದ ಎಲ್ಲಿಗೆ, ಯಾವ ಲಾರಿ, ಯಾವ ಡ್ರೈವರ್, ಹೊರಡುವ ವೇಳೆ ಯಾವುದು ಎಂದು ತುಂಬಿಸಿ ಸಿಕ್ಕಾ ಒತ್ತಿದರೆ ಆಯಿತು. ಆ ಕಾಗದ ಕೈಗೆ ಬಂದ ಮೇಲೆ ಡ್ರೈವರನಿಗೆ ಅದೇ ವೇದವಾಕ್ಯ. ಕಬ್ಬೂರಿನ ಶಾಲೆಯಲ್ಲಿ ಬೆರಳ ಗಂಟಿಗೆ ಏಟು ತಿಂದು ತಿದ್ದಿದ ಗುಂಡು ಅಕ್ಷರ ನನ್ನದು. ದೇವರು ನನಗೆ ಕೊಟ್ಟ ಆಸ್ತಿ ಅದೊಂದೇ, ಜೊತೆಗೆ ಒಂದಿಷ್ಟು ಮೈಗಳ್ಳತನ. ಇವೆರಡೂ ಕೂಡಿ ಒಂದು ಉಪಾಯ ಹುಟ್ಟಿತ್ತು. ನಿಪ್ಪಾಣಿಯ ತಂಬಾಕಾಗಲಿ, ಅಥಣಿಯ ದ್ರಾಕ್ಷಿಯಾಗಲಿ, ಹೊರಡುವುದು ರಾತ್ರಿಯೇ ಅಲ್ಲವೇ? ಅದಕ್ಕೆ ಮಧ್ಯಾಹ್ನ ಕೆಲಸವಿಲ್ಲದಾಗ ಹೊಸ ಬಿಲ್ಟಿ ಪುಸ್ತಕ ತೆಗೆದು, 'ಹೊರಡುವ ವೇಳೆ' ಎಂಬ ಕಡೆ ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೂ 'ರಾತ್ರಿ', 'ರಾತ್ರಿ' ಎಂದು ಬರೆದಿಟ್ಟುಬಿಡುತ್ತಿದ್ದೆ. ಆಮೇಲೆ ಗಡಿಬಿಡಿಯಲ್ಲಿ ಒಂದು ಶಬ್ದ ಬರೆಯುವ ಶ್ರಮ ಉಳಿಯುತ್ತಿತ್ತು. ಇಂಥ ಬುದ್ಧಿ ಬೇರೆ ಯಾರಿಗೂ ಹೊಳೆದಿಲ್ಲವಲ್ಲ ಎಂದು ಒಳಗೊಳಗೇ ಹಿಗ್ಗುತ್ತಿದ್ದೆ.

ನಮ್ಮ ಪಕ್ಕದ ಮನೆಯ ರಾಜಾರಾಮ ಅದೇ ಆಫೀಸಿನ ಡ್ರೈವರ್. ಅವನ ಹೆಂಡತಿ ಅಕ್ಕಾತಾಯಿ ಉಂಡ ಮೇಲೂ ಮೊರದ ಮುಂದೆ ಕೂತು ಬೀಡಿ ಕಟ್ಟುತ್ತಿದ್ದಳು. ತಂಬಾಕಿನ ಘಾಟಿಗೆ ಮಗು ಸೀನುತ್ತದೆಂದು ಅವರ ನಾಲ್ಕು ವರ್ಷದ ಮಗಳು ಛಾಯಾಳನ್ನು ಕಮಲಾ ನಮ್ಮ ಮನೆಗೆ ಕರೆತಂದು ಮಲಗಿಸುತ್ತಿದ್ದಳು. ಮಲಗಿಸುವುದೆಂದರೆ ಸುಲಭವೇ? ಹೆದ್ದಾರಿಯಲ್ಲಿ ಹಾರ್ನು ಕೇಳಿದರೆ ಸಾಕು, ಹುಡುಗಿ ಚಾಪೆಯಿಂದ ಎದ್ದು ಕಿಟಕಿಗೆ ಜೋತುಬೀಳುತ್ತಿತ್ತು. ಬೇರೆ ಮಕ್ಕಳಿಗೆ ಗೊಂಬೆಯ ಹುಚ್ಚು, ಇವಳಿಗೆ ಲಾರಿಯ ಹುಚ್ಚು. ಸದ್ದಿನ ಮೇಲೆಯೇ ಇದು ಖಾಲಿ ಗಾಡಿ, ಇದು ಲೋಡ್ ಗಾಡಿ ಎಂದು ಹೇಳುತ್ತಿದ್ದಳು.

ಮಕ್ಕಳ ವಿಷಯದಲ್ಲಿ ಪಂಡಿತನಾದ ನಾನು ಸುಮ್ಮನಿರಲಾದೀತೇ? ಒಮ್ಮೆ ಬೆಳಗಾವಿಗೆ ಹೋದಾಗ ಹಳೆಯ ಪುಸ್ತಕದ ಗಾಡಿಯಲ್ಲಿ ಲಾರಿಗಳದೇ ಒಂದು ಚಿತ್ರಪುಸ್ತಕ ಕಂಡು ಕೊಂಡು ತಂದೆ. ಯಾವುದೋ ಪರದೇಶದ್ದು. ಪ್ರತಿ ಲಾರಿಗೂ ಕಣ್ಣು, ಬಾಯಿ, ನಗು. ಇಂಗ್ಲಿಷ್ ನನಗೆ ಬಿಲ್ಟಿಗೆ ಬೇಕಾದಷ್ಟೇ ಬರುತ್ತಿದ್ದುದರಿಂದ ಚಿತ್ರ ನೋಡಿ ಕಥೆ ಕಟ್ಟಿದೆ. ಬೆನ್ನ ಮೇಲೆ ದೊಡ್ಡ ಗಡಿಗೆಯಂಥದ್ದನ್ನು ಹೊತ್ತ ಲಾರಿಯೊಂದಿತ್ತು. ಅದು ಸಿಮೆಂಟು ಕಲಸುವುದೆಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಆಗ ಅದನ್ನು ನಶ್ಯ ತಿರುವುವ ಗಾಡಿ ಎಂದು ಧೈರ್ಯವಾಗಿ ಹೇಳಿದ್ದೆ. ಛಾಯಾ ಅದನ್ನು ನಂಬಿದಳು. ಆದರೆ ಮುಂದಿನ ಪುಟದಲ್ಲಿ ಹಿಡಿದು ನಿಲ್ಲಿಸಿದಳು. "ಕಾಕಾ, ಡ್ರೈವರ್ ಎಲ್ಲಿ ಹೋಗ್ಯಾನ? ಕಿಲೀನರ್ ಗಾಡಿ ಹೊಡ್ಯಾಕತ್ತಾನಲ್ಲ!" ನೋಡಿದರೆ ಹೌದು, ಆ ದೇಶದಲ್ಲಿ ಸ್ಟಿಯರಿಂಗು ಎಡಗಡೆಗೆ. ನಾನು ಅಷ್ಟು ದಿನ ಗಮನಿಸಿಯೇ ಇರಲಿಲ್ಲ. "ಲಿಂಬಿಕಾಯಿ ಮೆಣಸಿನಕಾಯಿ ಎಲ್ಲಿ? ಕಟ್ಟಲಿಲ್ಲಂದ್ರ ದೃಷ್ಟಿ ಆಗತೈತಿ" ಎಂದು ಬೈದು, ಬಣ್ಣದ ಕಡ್ಡಿಯಿಂದ ಎಲ್ಲ ಲಾರಿಗಳ ಮುಂದೆಯೂ ತಾನೇ ಕಟ್ಟಿದಳು.

ಕೊನೆಯ ಪುಟದಲ್ಲಿ ಎಲ್ಲ ಲಾರಿಗಳೂ ಒಂದು ಮನೆಯೊಳಗೆ ಸಾಲಾಗಿ ನಿಂತು ಕಣ್ಣು ಮುಚ್ಚಿದ್ದವು. ಮೇಲೆ ಚಂದ್ರ. "ರಾತ್ರಿ ಆತು, ಲಾರಿ ಎಲ್ಲಾ ಮಲಕೊಂಡುವು, ನೀನೂ ಮಲಕೋ" ಎಂದೆ. ಮಗು ಮಲಗಲಿಲ್ಲ. ಬಹಳ ಹೊತ್ತು ಆ ಪುಟ ನೋಡಿ, "ಮತ್ತ ನಮ್ಮಪ್ಪನ ಗಾಡಿ ಯಾಕ ಮಲಗೂದಿಲ್ಲ?" ಎಂದು ಕೇಳಿದಳು. ಎಲ್ಲ ಲಾರಿಗಳೂ ರಾತ್ರಿಯೇ ಓಡುವ ಊರಿನಲ್ಲಿ, ಆ ಲಾರಿಗಳನ್ನು ರಾತ್ರಿ ಓಡಿಸುವ ಕಾಗದ ಬರೆಯುವವನೇ ಕೂತು, ಲಾರಿಗಳು ರಾತ್ರಿ ಮಲಗುತ್ತವೆಂದು ಓದಿ ಹೇಳಿದ್ದೆ.

ಮರುದಿನ ರಾಜಾರಾಮ ಆಫೀಸಿಗೆ ನಗುತ್ತ ಬಂದ. "ಏನ್ರಿ ಕಾರಕೂನರ, ನನ್ನ ಮಗಳಿಗಿ ಏನ್ ಕಲಿಸಿಟ್ಟೀರಿ? ಗಾಡಿಗಿ ನಿದ್ದಿಲ್ಲ ಅಂತ ಬಾನೆಟ್ ಮ್ಯಾಲ ಕೌದಿ ಹೊಚ್ಚಾಕ ಹೊಂಟಿದ್ಲು! ಕೌದಿ ಬಿಡ್ರಿ, ಒಂದಿನ ಹಗಲ ಟ್ರಿಪ್ ಬರದ ಕೊಡ್ರಿ. ನಾನೂ ಹೇಣ್ತಿ ಮಕ್ಕಳ ಜೋಡಿ ರಾತ್ರಿ ಉಂಡು ಮಲಗತೀನಿ." ಬರೆಯೋಣ ಎಂದೆ. ಮುಂದಿನ ಟ್ರಿಪ್ಪಿಗೆ, ಅದರ ಮುಂದಿನದಕ್ಕೆ ಎಂದು ದೂಡುತ್ತ ಹೋದೆ.

ಆದರೆ ಛಾಯಾಳಿಗೆ ಬರೆದು ಕೊಟ್ಟೆ. "ಅಪ್ಪನ ಗಾಡಿಗಿ ಯಾರು ಹೇಳ್ತಾರ, ರಾತ್ರಿ ಹೋಗಂತ?" ಎಂದು ಬೆನ್ನುಹತ್ತಿದಾಗ ಬಿಲ್ಟಿ ಹೇಳುತ್ತದೆ ಎಂದೆ. "ಹಂಗಾರ ಬಿಲ್ಟಿಗಿ ನೀ ಹೇಳು" ಎಂದಳು. ಕೆಟ್ಟ ಹಾಳೆಯೊಂದನ್ನು ಮನೆಗೆ ತಂದು, ಅವಳೆದುರಿಗೇ 'ರಾತ್ರಿ' ಎಂಬುದಕ್ಕೆ ಗೀಟು ಹೊಡೆದು ಮೇಲೆ 'ಹಗಲು' ಎಂದು ಬರೆದು, ರಾಜಾರಾಮನ ಹೆಸರು ಹಾಕಿ, ಚೀಲದಲ್ಲಿದ್ದ ಸಿಕ್ಕಾ ಒತ್ತಿ ಕೊಟ್ಟೆ. ಅದನ್ನು ಕೊನೆಯ ಪುಟದಲ್ಲಿ, ಮಲಗಿದ ಲಾರಿಗಳ ನಡುವೆ ಇಟ್ಟು, ಪುಸ್ತಕವನ್ನು ಎದೆಗವಚಿಕೊಂಡು ನಿದ್ದೆಹೋದಳು. "ಮಕ್ಕಳಿಗೆ ಹೀಗೆ ಸಮಾಧಾನ ಹೇಳಬೇಕು" ಎಂದೆ ಕಮಲಾಳಿಗೆ. ಅವಳು ಮಗುವಿಗೆ ಕೌದಿ ಹೊದಿಸಿದಳು.

ಅದಾಗಿ ಎರಡು ವಾರಕ್ಕೆ ರಾಯಬಾಗದ ಬೆಲ್ಲ ಹುಬ್ಬಳ್ಳಿಗೆ ಹೋಗಬೇಕಾಯಿತು. ಲಾರಿ ಆಫೀಸಿನ ಮಾಲೀಕರಾದ ಸಾಹುಕಾರರು ಚಿಕ್ಕೋಡಿಗೆ ಮದುವೆಗೆ ಹೊರಟವರು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, "ಗಡಿಬಿಡಿ ಏನಿಲ್ಲ, ನಾಳೆ ಮುಂಜಾನಿ ಬಿಟ್ಟರೂ ನಡೀತೈತಿ" ಎಂದರು. ನಾನು ಕೇಳಿಸಿಕೊಂಡೆ. ಕೇಳಿಸಲಿಲ್ಲವೆಂದು ಹೇಳಲು ಬಹಳ ಆಸೆ, ಆದರೆ ಕೇಳಿಸಿಕೊಂಡಿದ್ದೆ. ಬಿಲ್ಟಿ ತೆಗೆದರೆ 'ರಾತ್ರಿ' ಎಂದು ಮೊದಲೇ ಕೂತಿದೆ. ಗೀಟು ಹೊಡೆದು ತಿದ್ದಿದರೆ ಪಕ್ಕದಲ್ಲಿ ಸಾಹುಕಾರರ ಸಹಿ ಬೇಕು, ಅದು ಆಫೀಸಿನ ಕಾಯಿದೆ. ಅವರು ಮದುವೆಯಲ್ಲಿ. ಬಂದ ಮೇಲೆ ಸಹಿ ಕೇಳಿದರೆ ಮೊದಲೇ ಏಕೆ ಬರೆದಿಟ್ಟೆ ಎನ್ನುತ್ತಾರೆ. ಇರಲಿ ಬಿಡು ಎಂದುಕೊಂಡೆ. ಎರಡು ರಾತ್ರಿ ನಿದ್ದೆಗೆಟ್ಟು ಮುಂಬಯಿಯಿಂದ ಅದೇ ದಿನ ಬಂದಿದ್ದ ರಾಜಾರಾಮ ಕಾಗದ ನೋಡಿ, "ಇವತ್ತೂ ರಾತ್ರಿನ ಏನ್ರಿ?" ಎಂದ. "ಬಿಲ್ಟಿಯೊಳಗ ಹಂಗ ಐತಿ" ಎಂದೆ, ಅದನ್ನು ಬೇರೆ ಯಾರೋ ಬರೆದವರಂತೆ.

ಘಾಟಿನ ಇಳಿಜಾರಿನಲ್ಲಿ ಅವನ ಕಣ್ಣು ಮುಚ್ಚಿದವು. ಲಾರಿ ಉರುಳಿತು. ಜೀವ ಉಳಿಯಿತು, ಬಲಗಾಲು ಮಂಡಿಯ ಕೆಳಗೆ ಉಳಿಯಲಿಲ್ಲ. ಮೀರಜದ ಆಸ್ಪತ್ರೆಯಲ್ಲಿ ಅವನ ಮುಖ ನೋಡಲಾರದೆ ಮಂಚದ ಕಬ್ಬಿಣ ಹಿಡಿದು ನಿಂತಿದ್ದ ನನಗೆ ಅವನೇ ಸಮಾಧಾನ ಹೇಳಿದ: "ನೀವ್ಯಾಕ ಅಳತೀರಿ ಕಾರಕೂನರ? ಬಿಲ್ಟಿ ಹಂಗಿತ್ತು, ನೀವೇನ್ ಮಾಡಾಕ ಬರತಿತ್ತು?" ಆಗಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಇಂದಿಗೂ ಅವನಿಗೆ ಗೊತ್ತಿಲ್ಲ.

ಮೂರು ತಿಂಗಳ ಮೇಲೆ ಅವನನ್ನು ಮನೆಗೆ ಕರೆತಂದರು. ಓಣಿಗೆಲ್ಲ ದುಃಖ, ಛಾಯಾಳಿಗೆ ಮಾತ್ರ ಹಬ್ಬ. ಮನೆಮನೆಗೂ ಹೋಗಿ, "ನಮ್ಮಪ್ಪ ಈಗ ದಿನಾ ರಾತ್ರಿ ಮನ್ಯಾಗ ಮಲಗತಾನ, ಕಾಕಾ ಬರದ ಕೊಟ್ಟಾನ" ಎಂದು ಹೇಳಿ ಬಂದಳು. ಜನ ಮಗುವಿನ ಮಾತೆಂದು ತಲೆ ಸವರಿದರು. ನಾನು ಕಟ್ಟೆಯ ಮೇಲೆ ಕೂರುವುದನ್ನೇ ಬಿಟ್ಟೆ.

ಒಂದು ಸಂಜೆ ಅವಳೇ ಪುಸ್ತಕ ಹಿಡಿದು ಬಂದಳು. ಮುಖ ಚಿಕ್ಕದಾಗಿತ್ತು. "ಕಾಕಾ, ಅಪ್ಪ ಹಗಲೊತ್ತೂ ಮಲಗೇ ಇರತಾನ. ಗ್ವಾಡಿ ಕಡೆ ಮಾರಿ ಮಾಡ್ಕೊಂಡು. ಲಾರಿ ಹಾರ್ನ್ ಹೊಡದ್ರ ಕಿವಿ ಮುಚ್ಕೋತಾನ. ಇನ್ನೊಂದು ಬರಿ. ರಾತ್ರಿ ಬ್ಯಾಡ, ಹಗಲ ಹೋಗಿ ಬರಲಿ."

ಬರೆಯಬಾರದಿತ್ತು. ಆದರೆ ಆ ಮುಖ ನೋಡಿ ಇಲ್ಲ ಎನ್ನುವುದು ಹೇಗೆ? ಚೀಲದಿಂದ ಹೊಸ ಬಿಲ್ಟಿ ಪುಸ್ತಕ ತೆಗೆದೆ. ನಾಚಿಕೆ ಬಿಟ್ಟು ಹೇಳುತ್ತೇನೆ: ಅದರಲ್ಲೂ ಹಾಳೆ ಹಾಳೆಗೂ ನನ್ನ ಗುಂಡು ಅಕ್ಷರದ 'ರಾತ್ರಿ' ಆಗಲೇ ಕೂತಿತ್ತು. ಗೀಟು ಹೊಡೆದೆ. 'ಹಗಲು' ಎಂದು ಬರೆದೆ. ಅವಳು ಸಿಕ್ಕಾಕ್ಕೆ ಬಾಯಿಂದ ಉಸಿರು ಊದಿ ಕೊಟ್ಟಳು, ಒತ್ತಿದೆ. ಕಾಗದ ಹಿಡಿದು ಅಪ್ಪನ ಕಡೆ ಓಡಿದಳು. ಗೀಟು ಹೊಡೆದು 'ಹಗಲು' ಎಂದು ತಿದ್ದಲು ಹಿಡಿದದ್ದು ಅರ್ಧ ನಿಮಿಷ.