ತೊಂಬತ್ತೇಳು ಕಿಲೋದ ಪೈಲಟ್

ಪಂಪಾಪತಿ: ಆಗಂಗಿಲ್ಲ ಅಂದ್ರ ಏನ್ರೀ ಮೇಡಂ? ನಾಕು ಸೀಟಿನ ವಿಮಾನ ಎದುರಿಗೇ ನಿಂತದ, ನೀವು ಈ ಎರಡು ಸೀಟಿಂದು ತೋರಸಾಕತ್ತೀರಿ! ಇದಕ್ಕಿಂತ ನಮ್ಮ ಸಿರವಾರದ ಆಟೋ ಅಗಲ ಅದ.

ಮಂಜುಳಾ: ದೊಡ್ಡದ್ರ ಎಂಜಿನ್ ಬಿಚ್ಚ್ಯಾರ್ರಿ, ತಪಾಸಣಿ ನಡದದ.

ಪಂಪಾಪತಿ: ಬೋಲ್ಟ್ ಬಿಗಿಸಿ ಕೊಡ್ರಿ, ಹತ್ತತೀನಿ.

ಮಂಜುಳಾ: ಮೊದಲ ಪಾಠಕ್ಕ ಸಣ್ಣದೇ ಚಲೋ ರೀ. ಸಾವಕಾಶ ಹೋಗತದ. ತಪ್ಪು ಮಾಡಿದ್ರ ತಿದ್ದಾಕ ಟೈಮ್ ಕೊಡತದ.

ಪಂಪಾಪತಿ: ನಾ ಯಾಕ ತಪ್ಪು ಮಾಡ್ಲಿ?

ಸುನಂದಾ: ಯಾಕ ಮಾಡತಾರಂತ ಇಪ್ಪತ್ತೆಂಟು ವರ್ಷದಿಂದ ನನಗೂ ತಿಳಿದಿಲ್ರೀ ಮೇಡಂ.

ರಾಯಚೂರಿನ ಹೊರಗೆ, ಮಟಮಾರಿ ದಾರಿಯ ಬಯಲಿನಲ್ಲಿ, ಹಾರಾಟ ಕಲಿಸುವವರು ಸಣ್ಣದೊಂದು ರನ್‌ವೇ ಮಾಡಿಕೊಂಡಿದ್ದರು. ಅಲ್ಲಿಯ ಶಿಕ್ಷಕಿ ಮಂಜುಳಾ. ಅಕ್ಕಿ ಗಿರಣಿ ಮಾಲೀಕ ಪಂಪಾಪತಿಗೆ ಐವತ್ತೆರಡನೆಯ ವಯಸ್ಸಿನಲ್ಲಿ ಪೈಲಟ್ ಆಗುವ ಹುಕಿ ಬಂದಿತ್ತು. ಹುಕಿ ಬಂದದ್ದು ದೊಡ್ಡದಲ್ಲ. ಹೆಂಡತಿ ಸುನಂದಾ ಬೇಡ ಬೇಡವೆಂದರೂ ಅದನ್ನು ಊರಿಗೆಲ್ಲ ಸಾರಿಬಿಟ್ಟಿದ್ದ. ಗಿರಣಿಯ ಹಮಾಲರು ಹನ್ನೊಂದು ಮಂದಿ ಹೂಮಾಲೆ ಹಿಡಿದು ಬೇಲಿಯಾಚೆ ಆಗಲೇ ಸಾಲಾಗಿ ನಿಂತಿದ್ದರು. ಹಾರದೆ ಹಿಂದಿರುಗಿದರೆ ಸಿರವಾರದ ಬಜಾರಿನಲ್ಲಿ ತಲೆ ಎತ್ತುವಂತಿರಲಿಲ್ಲ.

ಅವನು ಸಣ್ಣ ವಿಮಾನದ ಚಕ್ರಕ್ಕೆ ಒದ್ದ. ರೆಕ್ಕೆ ತಟ್ಟಿದ. ಭತ್ತದ ಚೀಲಕ್ಕೆ ಸಲಾಕೆ ಚುಚ್ಚುವ ಗತ್ತಿನಲ್ಲಿ ಅಲ್ಲಲ್ಲಿ ಬೆರಳು ಒತ್ತಿದ.

ಪಂಪಾಪತಿ: ತಗಡು ತೆಳುವು. ಟ್ರಯಲ್ ಕೊಡತೀವಿ ಅಂದೀರಲ್ಲ, ಅದಕ್ಕೇ ನೋಡಾಕತ್ತೀನಿ. ಮಾಲು ಪಾಸಾದ್ರ ಮುಂದಿನ ಮಾತು.

ಮಂಜುಳಾ: ಟ್ರಯಲ್ ಪಾಠದಾಗ ಪರೀಕ್ಷಾ ವಿಮಾನದ್ದಲ್ರೀ ಸಾಹುಕಾರ್ರ, ನಿಮ್ದು. ಮ್ಯಾಲೆ ಹೋದ್ರ ತಲಿ ತಿರಗತದೋ, ಹೊಟ್ಟಿ ತೊಳಸತದೋ ಅಂತ ನಾವು ನೋಡತೀವಿ.

ಪಂಪಾಪತಿ: ನನಗ ಪರೀಕ್ಷಾ? ಇಡೀ ತಾಲೂಕಿನ ಮಾಲು ಪರೀಕ್ಷಾ ಮಾಡಿದವ ನಾನು!

ಮಂಜುಳಾ: ಗೊತ್ತದ ರೀ. ಕಾಂಟಾದ ಮ್ಯಾಲೆ ನಿಂದರ್ರಿ.

ತೂಕದ ಕಾಂಟಾದ ಪಕ್ಕ ನಿಂತೇ ಕೂದಲು ನರೆಸಿಕೊಂಡವನು ಅದರ ಮೇಲೆ ನಿಂತದ್ದು ಇದೇ ಮೊದಲು. ತೊಂಬತ್ತೊಂಬತ್ತು ಎಂದಿತು ಅದು. ಕಲಿಯುವವರ ತೂಕ ತೊಂಬತ್ತೈದು ದಾಟುವಂತಿಲ್ಲ ಎಂದಳು ಮಂಜುಳಾ. ಬೂಟು, ಬೆಲ್ಟು, ಬೆಳ್ಳಿಯ ಕಡಗ, ಎರಡು ಮೊಬೈಲು, ಎಲ್ಲ ಸುನಂದಾಳ ಕೈಸೇರಿದವು. ಕಾಂಟಾ ತೊಂಬತ್ತೇಳಕ್ಕಿಳಿದು ಅಲ್ಲೇ ಪಟ್ಟು ಹಿಡಿಯಿತು.

ಪಂಪಾಪತಿ: ಎರಡೇ ಕಿಲೋ! ಗಿರಣ್ಯಾಗ ತೂಕದಾಗ ಮುರಕೊಳ್ಳೋ ಹಂಗ ಸೂಟು ಕಡೀರಿ.

ಮಂಜುಳಾ: ಯಾತಕ್ಕ?

ಪಂಪಾಪತಿ: ಅಂಗಿ-ಪ್ಯಾಂಟು ಅಂದ್ರ ಚೀಲದ ತೂಕ. ಬೆವರು ಅಂದ್ರ ತೇವ. ದಾರ್ಯಾಗ ಧೂಳು ಬ್ಯಾರೆ ಕುಂತದ. ಎಲ್ಲಾ ಸೇರಿ ಎರಡು ಕಿಲೋ ಸೂಟು. ನಡಕೊಂಡು ಬಂದ ಪದ್ಧತಿ ಅದು.

ಮಂಜುಳಾ: ಪದ್ಧತಿ ನನಗೂ ಗೊತ್ತದ ರೀ. ಜಾಲಹಳ್ಳಿ ಯಂಕೋಬನ ಮಗಳು ನಾನು. ನಮ್ಮಪ್ಪ ಏಳು ದಿನ ಒಣಗಿಸಿದ ಭತ್ತ ನಿಮ್ಮ ಗಿರಣಿಗೆ ತಂದಿದ್ದ. ಚೀಲಕ್ಕ ಎರಡು ಕಿಲೋ ಸೂಟು ಅಂದ್ರಿ. ಕೈ ಮುಗುದು ಕೇಳಿದ. ಏನಂದ್ರಿ, ನೆನಪದೇನು?

ಪಂಪಾಪತಿಗೆ ನೆನಪಿರಲಿಲ್ಲ. ಬಂದವರಿಗೆಲ್ಲ ಅದನ್ನೇ ಹೇಳಿದವನಿಗೆ ಒಬ್ಬ ಯಂಕೋಬ ಎಲ್ಲಿ ನೆನಪಿರಬೇಕು?

ಸುನಂದಾ: 'ಒಪ್ಪಿಗಿ ಇದ್ರ ಇಳಸು, ಇಲ್ಲಂದ್ರ ಟ್ರ್ಯಾಕ್ಟರ್ ಹೊಳ್ಳಸು' ಅಂದಿರತಾರ.

ಮಂಜುಳಾ: ಅದೇ ಮಾತು ರೀ ಅಕ್ಕಾರ. ಒಂದಕ್ಷರ ಹೆಚ್ಚಿಲ್ಲ, ಕಡಿಮಿ ಇಲ್ಲ.

ಪಂಪಾಪತಿಗೆ ನಾಚಿಕೆಯಾಯಿತು. ಆದರೆ ಬೇಲಿಯಾಚೆಯ ಮಾಲೆಯ ಭಯ ನಾಚಿಕೆಗಿಂತ ದೊಡ್ಡದಿತ್ತು.

ಪಂಪಾಪತಿ: (ಮೆಲ್ಲಗೆ) ಹಳೇದು ಬಿಡವ್ವಾ. ತೊಂಬತ್ತೈದು ಅಂತ ಬರಕೋ. ಯಾರಿಗೆ ತಿಳೀತದ?

ಮಂಜುಳಾ: ವಿಮಾನಕ್ಕ ತಿಳೀತದ ರೀ. ಅದು ರೈತರಂಗ ಸುಮ್ಮನ ಹೊರಂಗಿಲ್ಲ.

ಪಂಪಾಪತಿ: ಹಂಗಾದ್ರ ನನ್ನ ಪಾಠ?

ಮಂಜುಳಾ: ಎರಡು ಕಿಲೋ ಇಳಿಸಿಕೊಂಡು ಬರ್ರಿ. ಇವತ್ತಿನ ಪಾಳಿ ಖಾಲಿ ಹೊಂಟದ. ಬ್ಯಾರೆ ಯಾರರೆ ಕುಂದರತೀರೇನು?

ಪಂಪಾಪತಿ ತಿರುಗಿ ನೋಡಿದ. ಬೂಟು, ಬೆಲ್ಟು, ಕಡಗ ನೆಲದ ಮೇಲಿದ್ದವು. ಸುನಂದಾ ಕಾಂಟಾದ ಮೇಲಿದ್ದಳು. ಅರವತ್ತೊಂದು.

ಪಂಪಾಪತಿ: ಏ, ನೀನಾ? ನಿನಗ ಸ್ಕೂಟಿ ಸೈತ ಬರಂಗಿಲ್ಲ!

ಸುನಂದಾ: ತಪ್ಪು ಮಾಡಿದ್ರ ತಿದ್ದಾಕ ಟೈಮ್ ಕೊಡತದಂತಲ್ರೀ.

ಅವಳು ಸೆರಗು ಬಿಗಿದು ಹತ್ತಿ ಕುಳಿತಳು. ಮಂಜುಳಾ ಅವಳಿಗೆ ಸೀಟಿನ ಬೆಲ್ಟು ಹಾಕಿದಳು. ಬೇಲಿಯಾಚೆ ಹಮಾಲರು, ಮಾಲೆ ಯಾರಿಗೆ ಎಂದು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡಿದರು. ಬರಿಗಾಲಿನ ಪಂಪಾಪತಿ ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು ವಿಮಾನದ ಬಾಗಿಲಿಗೆ ಓಡಿದ.

ಪಂಪಾಪತಿ: ಹಮಾಲ್ರು ಕೇಳಿದ್ರ ಏನಂತ ಹೇಳ್ಲೆ?

ಸುನಂದಾ: ಇದ್ದದ್ದು ಹೇಳ್ರಿ. ನಾವು ಚೀಲಕ್ಕ ಎರಡೇ ಕಿಲೋ ಸೂಟು ಕಡೀತಿದ್ವಿ, ಇವರು ತೊಂಬತ್ತೇಳೂ ಕಡಿದ್ರು ಅಂತ.