ಬಾಸ್ಟನ್ ದಾರಿಯ ಗ್ರೀಕ್ ಹಳ್ಳಿ

ಕೌಸಲ್ಯಾ ಗಂಡನಿಗೆಂದು ಫ್ರೀಜರಿನಲ್ಲಿಡುವ ಡಬ್ಬಿಗಳಿಗೆ ಹುಳಿ ತುಂಬುತ್ತಿದ್ದಳು. ಅರ್ಧ ಡಬ್ಬಿಗಳು ತುಂಬಿದ್ದವು, ಇನ್ನರ್ಧ ಬಾಯಿ ತೆರೆದುಕೊಂಡು ಕಾಯುತ್ತಿದ್ದವು. ಅಷ್ಟರಲ್ಲಿ ಬಾಗಿಲ ಗಂಟೆ ಬಾರಿಸಿತು. ಅವಳ ಸೌಟು ಗಾಳಿಯಲ್ಲೇ ನಿಂತಿತು. ಈ ದಿನ ಈ ಹೊತ್ತಿನಲ್ಲಿ ಬಾಗಿಲಿಗೆ ಯಾರೇ ಬಂದರೂ ಅದು ತನ್ನ ಒಳ್ಳೆಯದಕ್ಕಲ್ಲ ಎಂದು ಅವಳಿಗೆ ಆಗಲೇ ಅನ್ನಿಸಿಬಿಟ್ಟಿತ್ತು.

ಬಂದವಳು ಎದುರುಮನೆಯ ರಂಜನಿ. ಎರಡು ಕೈಯಲ್ಲೂ ಚೀಲ.

"ಇವತ್ತೇ ಅಲ್ವೇನೇ ಬಾಸ್ಟನ್‌ಗೆ? ನಮ್ಮ ಲಾಸ್ಯಾಗೆ ಒಂಚೂರು ಚಟ್ನಿಪುಡಿ, ಒಂಚೂರು ಹುರಿಹಿಟ್ಟು. ಅಷ್ಟೇ ಕಣೇ."

ಮಗಳಿಗೆಂದು ತಂದ ಆ ಒಂಚೂರು ಚಟ್ನಿಪುಡಿ ತೊಟ್ಟಿಲ ಕೂಸಿನಷ್ಟು ದಪ್ಪಗಿತ್ತು.

ಕೌಸಲ್ಯಾ ಬಾಸ್ಟನ್‌ಗೆ ಹೋಗುತ್ತಿರಲಿಲ್ಲ. ಅವಳು ಹೋಗುತ್ತಿದ್ದದ್ದು ಗ್ರೀಸ್ ದೇಶದ ನಾಕ್ಸೋಸ್ ಎಂಬ ದ್ವೀಪಕ್ಕೆ. ಆ ದ್ವೀಪದ ಬೆಟ್ಟದ ಮೇಲೆ ಅಪಿರಾಂಥೋಸ್ ಎಂಬ ಹಳೆಯ ಹಳ್ಳಿ. ಅಲ್ಲಿನ ಓಣಿಗಳಿಗೆ ಅಮೃತಶಿಲೆಯ ಹಾಸು. ಕಾರು ಒಳಗೆ ಹೋಗುವುದಿಲ್ಲ. ಅವಳು ನೋಡಿದ್ದ ಫೋಟೋದಲ್ಲಿ ಒಂದು ಕಲ್ಲಿನ ಗೋಡೆಯ ಪಕ್ಕ ಕಪ್ಪು ಉಡುಪಿನ ಮುದುಕಿಯೊಬ್ಬಳು ಕುಳಿತಿದ್ದಳು. ಅವಳ ಪಕ್ಕದಲ್ಲಿ ಒಂದು ಖಾಲಿ ಕುರ್ಚಿ. ಕೌಸಲ್ಯಾಗೆ ಬೇಕಾಗಿದ್ದದ್ದು ಆ ಕುರ್ಚಿ. ಅಲ್ಲಿ ಒಂದು ವಾರ ಸುಮ್ಮನೆ ಕೂರಬೇಕು. ಮುದುಕಿಗೆ ಕನ್ನಡ ಬರಬಾರದು, ತನಗೆ ಗ್ರೀಕ್ ಬರಬಾರದು. ತಿಂಡಿಗೆ ಏನು ಎಂದು ಇಬ್ಬರೂ ಒಬ್ಬರನ್ನೊಬ್ಬರು ಕೇಳಬಾರದು.

ಹೋದ ಬೇಸಿಗೆಯಲ್ಲೂ ಇಂಥದ್ದೇ ಆಸೆಯಿಂದ ಮೇನ್ ರಾಜ್ಯದ ಕಡಲ ಪಕ್ಕ ಒಂದು ಮರದ ಮನೆ ಬುಕ್ ಮಾಡಿದ್ದಳು. ಬಾಯಿ ತಪ್ಪಿ ರಂಜನಿಗೆ ಹೇಳಿದ್ದೇ ತಡ, ಅಮೆರಿಕದಲ್ಲಿ ತಾವಿರುವ ಊರಾದ ಎಡಿಸನ್‌ನ ನಾಲ್ಕು ಸಂಸಾರಗಳು ಇಡ್ಲಿ ಸ್ಟ್ಯಾಂಡಿನ ಸಮೇತ ಬಂದಿಳಿದಿದ್ದವು. ಕೌಸಲ್ಯಾ ಕಡಲಿಗೆ ಬೆನ್ನು ಹಾಕಿ ಮೂರು ದಿನ ಪೂರಿ ಕರಿದಿದ್ದಳು. "ನೀನಿದ್ರೆ ನಮಗೆ ಚಿಂತೇನೇ ಇಲ್ಲ ಕಣೇ" ಎಂದು ಎಲ್ಲರೂ ಹೊಗಳಿದ್ದರು.

ಅದಕ್ಕೇ ಈ ಸಲ ಆಫೀಸಿನ ಟ್ರೇನಿಂಗ್ ಎಂದಿದ್ದಳು. ಎಲ್ಲಿ ಎಂದಾಗ ನಾಲಿಗೆಗೆ ಬಾಸ್ಟನ್ ಬಂತು. ಯಾರ ಮಕ್ಕಳೂ ಓದದ ಒಮಾಹಾ ಎಂದಿದ್ದರೆ ಬದುಕಿಕೊಳ್ಳುತ್ತಿದ್ದಳು. ಎಡಿಸನ್ನಿನ ಕನ್ನಡದವರಲ್ಲಿ ಊರು ಬಿಡುವವರ ಸೂಟ್‌ಕೇಸು ಅವರೊಬ್ಬರದೇ ಅಲ್ಲ, ಅದು ದೇವಸ್ಥಾನದ ಹುಂಡಿಯಂತೆ, ಯಾರು ಬೇಕಾದರೂ ಹಾಕಬಹುದು. ಬಾಸ್ಟನ್ನಿನಲ್ಲಂತೂ ಮನೆಗೊಬ್ಬರಂತೆ ಮಕ್ಕಳು ಓದುತ್ತಿದ್ದರು.

"ಇನ್ನೊಂದು ವಿಷಯ" ಎಂದು ರಂಜನಿ ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತಳು. ಅವಳ ದನಿ ಇಳಿಯಿತು. "ಲಾಸ್ಯಾ ಸರಿಯಾಗಿ ಫೋನೇ ಎತ್ತುತ್ತಿಲ್ಲ. ಎತ್ತಿದ್ರೂ ‘ಲ್ಯಾಬ್‌ನಲ್ಲಿದೀನಿ ಅಮ್ಮಾ, ಟಾಕ್ ಲೇಟರ್’. ನಂಗೆ ನಿದ್ದೆ ಬರಲ್ಲ ಕಣೇ. ನೀನು ರೂಮಿಗೇ ಹೋಗು. ಹೆಂಗಿದಾಳೆ, ಏನ್ ತಿಂತಾಳೆ, ಯಾರಾದ್ರೂ ಹುಡುಗ ಗಿಡುಗ... ನೀನಾದ್ರೆ ನಂಗೆ ಧೈರ್ಯ. ಬೇರೆ ಯಾರನ್ನ ಕಳಿಸ್ಲಿ ಹೇಳು?"

ಚಟ್ನಿಪುಡಿಯ ಭಾರ ಹೊರಬಹುದಿತ್ತು. ಇದನ್ನು ಹೊರುವುದು ಕಷ್ಟವಾಯಿತು. ಈಗಲೇ ನಿಜ ಹೇಳಿಬಿಡಲೇ ಎಂದು ಕೌಸಲ್ಯಾ ಬಾಯಿ ತೆರೆದಳು. ಹೇಳಿದರೆ ರಂಜನಿ ಚಿಂತೆ ಮರೆತು "ಗ್ರೀಸಾ? ನಾನೂ ಬರ್ತೀನಿ" ಎನ್ನುವುದು ಖಂಡಿತ. ಬಾಯಿ ಮುಚ್ಚಿದಳು.

"ನೋಡ್ತೀನಿ" ಎಂದಳು.

ಅಷ್ಟರಲ್ಲಿ ಅವಳ ಗಂಡ ಗುರುರಾಜ ಕಾಫಿ ಲೋಟ ಹಿಡಿದು ಒಳಗೆ ಬಂದ. ಅವನಿಗೆ ನಿಜ ಗೊತ್ತಿತ್ತು, ಆದರೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಹಾಗಾಗಿ ಇಂದು ಆದಷ್ಟೂ ಬಾಯಿ ಬಿಡಬಾರದೆಂದು ಹೆಂಡತಿ ತಾಕೀತು ಮಾಡಿದ್ದಳು.

"ಬಾಸ್ಟನ್‌ನಲ್ಲಿ ಈಗಲೂ ಚಳಿ ಇರುತ್ತಾ ಗುರುರಾಜ್?" ಎಂದು ರಂಜನಿ ಕೇಳಿದಳು.

ಗುರುರಾಜ ಲೋಟದೊಳಗೆ ನೋಡಿದ. "ಇವಳು ಹೋಗೋ ಕಡೆ ಒಳ್ಳೆ ಬಿಸಿಲಂತೆ" ಎಂದು ಹೇಳಿ, ಮೇ ತಿಂಗಳಲ್ಲಿ ಚಿಗುರಿದ ಅಂಗಳದ ಹುಲ್ಲಿಗೆ ನೀರು ಹಾಯಿಸಲು ಹೊರಗೆ ಓಡಿದ.

ಅವನು ತೆರೆದ ಬಾಗಿಲಿನಿಂದಲೇ ಹಂಸಾ ಒಳಬಂದಳು. ಧಾರವಾಡದ ಹಂಸಾ ಮೂರನೆಯ ಮನೆಯವಳು. ಕೈಯಲ್ಲಿ ಪಿಜ್ಜಾ ಪೆಟ್ಟಿಗೆ.

"ಏನವಾ ಕೌಸಲ್ಯಾ, ಬಾಸ್ಟನ್‌ಗೆ ಹೊಂಟೀ ಅಂತ ನನಗ ಒಂದ್ ಮಾತು ಹೇಳಬಾರದೇನು? ಗ್ರೂಪ್‌ನ್ಯಾಗ ಓದಿ ತಿಳಕೋಬೇಕೇನು ನಾ?"

"ನಾನೇ ಹಾಕಿದ್ದು" ಎಂದಳು ರಂಜನಿ ಹೆಮ್ಮೆಯಿಂದ.

"ಇದು ನಮ್ಮ ಧ್ರುವಗ. ಕಡಕ್ ರೊಟ್ಟಿ. ಮುರೀಬಾರದು ನೋಡು, ಸಣ್ಣ ಕೂಸಿನ್ಹಂಗ ಹಿಡ್ಕೊಂಡ್ ಹೋಗು. ಶೇಂಗಾ ಚಟ್ನಿನೂ ಐತಿ. ಆ ಮೈಸೂರು ಪುಡಿ ಜೋಡಿ ಇಡಬ್ಯಾಡ, ವಾಸನಿ ಹತ್ತತೈತಿ."

"ನಮ್ಮ ಪುಡಿಗೆ ನಿಮ್ಮ ಬೆಳ್ಳುಳ್ಳಿ ವಾಸನೆ ಹತ್ತದಿದ್ರೆ ಸಾಕು" ಎಂದಳು ರಂಜನಿ.

ಲಾಸ್ಯಾ, ಧ್ರುವ್ ಇಬ್ಬರೂ ಒಂದೇ ಶಾಲೆಯಲ್ಲಿ ಓದಿದವರು, ಈಗ ಇಬ್ಬರೂ ಬಾಸ್ಟನ್ನಿನಲ್ಲಿದ್ದರು. ಸ್ಪೆಲಿಂಗ್ ಸ್ಪರ್ಧೆಯಲ್ಲಿ ಯಾರು ಮೊದಲು ಬಂದರು ಎಂಬಲ್ಲಿಂದ ಶುರುವಾದ ತಾಯಂದಿರ ಜಗಳ ಈಗ ಚಟ್ನಿಯವರೆಗೆ ಬಂದಿತ್ತು.

"ಸೂಟ್‌ಕೇಸ್ ಎಲ್ಲಿ?" ಎಂದು ಹಂಸಾ ಮೆಟ್ಟಿಲ ಕಡೆ ನಡೆದಳು. ರಂಜನಿಯೂ ಎದ್ದು ಹೊರಟಳು.

"ನಾನೇ ಇಡ್ತೀನಿ! ಆಮೇಲೆ!" ಕೌಸಲ್ಯಾ ಸೌಟಿನ ಸಮೇತ ಹಿಂದೆ ಓಡಿದಳು. ಅವಳು ಮಲಗುವ ಕೋಣೆ ಮುಟ್ಟುವ ಹೊತ್ತಿಗೆ ಇಬ್ಬರೂ ಸೂಟ್‌ಕೇಸಿನ ಜಿಪ್ಪನ್ನು ತಲಾ ಒಂದೊಂದು ಕಡೆಯಿಂದ ಎಳೆದು ಬಿಚ್ಚಿದ್ದರು.

ಎಲ್ಲಕ್ಕಿಂತ ಮೇಲೆ ದೊಡ್ಡ ಹುಲ್ಲಿನ ಟೋಪಿ. ಅದರ ಕೆಳಗೆ ಈಜುಡುಗೆ. ಪಕ್ಕದಲ್ಲಿ ಬಿಸಿಲಿಗೆ ಹಚ್ಚುವ ಕ್ರೀಮು.

ಕೌಸಲ್ಯಾಳ ಕಿವಿಯೊಳಗೆ ಕುಕ್ಕರಿನ ಸೀಟಿ ಕೇಳಿಸಿತು. ಕುಕ್ಕರ್ ಇಟ್ಟಿರಲಿಲ್ಲ.

"ಎಂಥಾ ಟ್ರೇನಿಂಗ್ ಅವಾ ಇದು?" ಎಂದಳು ಹಂಸಾ, ಈಜುಡುಗೆಯನ್ನು ಎರಡು ಬೆರಳಲ್ಲಿ ಎತ್ತಿ.

"ಟೀಮ್ ಬಿಲ್ಡಿಂಗ್. ದೋಣಿಯಲ್ಲಿ ಕರ್ಕೊಂಡು ಹೋಗ್ತಾರಂತೆ. ಕಂಪಲ್ಸರಿ."

"ಈ ವಯಸ್ಸಲ್ಲಿ ಹೆಂಗಸರನ್ನ ನೀರಿಗಿಳಿಸ್ತಾರಾ!" ರಂಜನಿಯ ಕಣ್ಣಲ್ಲಿ ನಿಜವಾದ ಕನಿಕರ. "ಬೇಡ ಅಂತ ಹೇಳೇ. ನಾಲ್ಕು ದಿನ ಸೊಂಟನೋವು ಅಂದ್ಬಿಡು." ಈಜುಡುಗೆಯನ್ನು ಮಡಿಸಿ ಬೀರುವಿನಲ್ಲಿಟ್ಟಳು. ಟೋಪಿಯನ್ನು ಮೊಳೆಗೆ ನೇತುಹಾಕಿದಳು. ಓದಲೆಂದು ಇಟ್ಟುಕೊಂಡಿದ್ದ ಮೂರು ಕಾದಂಬರಿಗಳೂ ಹೊರಬಂದವು. "ಟ್ರೇನಿಂಗ್‌ನಲ್ಲಿ ಇದನ್ನೆಲ್ಲ ಯಾವಾಗ ಓದ್ತೀಯಾ?" ಆ ಜಾಗಕ್ಕೆ ಹುರಿಹಿಟ್ಟು ಇಳಿಯಿತು. ರೊಟ್ಟಿಗೆ ಸುತ್ತಲು ಕೌಸಲ್ಯಾಳ ಹೊಸ ಹತ್ತಿಯ ಅಂಗಿಗಳು ಹಂಸಾಗೆ ಬಹಳ ಅನುಕೂಲವಾದವು.

ತನ್ನ ಒಂದು ವಾರ ಹೀಗೆ ತನ್ನೆದುರೇ ಒಂದೊಂದಾಗಿ ಹೊರಬೀಳುವುದನ್ನು ಕೌಸಲ್ಯಾ ನೋಡುತ್ತ ನಿಂತಳು. ಹೋಗಲಿ, ಟೋಪಿ ಇಲ್ಲದೆಯೂ ಕುರ್ಚಿಯ ಮೇಲೆ ಕೂರಬಹುದು ಎಂದುಕೊಂಡಳು.

ಅಲ್ಲಿಗೂ ಮುಗಿಯಲಿಲ್ಲ. ಗುರುರಾಜ ಕಾರು ತೆಗೆದಾಗ ಹಿಂದಿನ ಸೀಟಿನಲ್ಲಿ ಇಬ್ಬರೂ ಕುಳಿತಿದ್ದರು. ವಾಪಸು ಬರುವಾಗ ಓಕ್ ಟ್ರೀ ರಸ್ತೆಯಲ್ಲಿ ಸೊಪ್ಪು ತರಬೇಕಂತೆ. ನ್ಯೂಅರ್ಕ್ ವಿಮಾನ ನಿಲ್ದಾಣದಲ್ಲಿ ಬಾಸ್ಟನ್ ವಿಮಾನ ಎಲ್ಲಿಂದ ಹೊರಡುತ್ತದೆ ಎಂದು ರಂಜನಿ ಫೋನಿನಲ್ಲಿ ಹುಡುಕಿ, "ಇಲ್ಲೇ, ಇಲ್ಲೇ ನಿಲ್ಸಿ" ಎಂದಳು. ಗುರುರಾಜ ಹೆಂಡತಿಯ ಮುಖ ನೋಡಿ ಅಲ್ಲೇ ನಿಲ್ಲಿಸಿದ. ಕೌಸಲ್ಯಾ ಬೇಡದ ಟರ್ಮಿನಲ್ಲಿನ ಬಾಗಿಲೊಳಗೆ ಹೋಗುವವರೆಗೂ ಇಬ್ಬರೂ ಗಾಜಿನ ಹೊರಗೆ ನಿಂತು ಕೈಬೀಸಿದರು. ಕೌಸಲ್ಯಾ ಒಂದು ಕಂಬದ ಹಿಂದೆ ನಿಂತು, ಕಾರು ಮರೆಯಾದ ಮೇಲೆ ಸೂಟ್‌ಕೇಸ್ ಎಳೆದುಕೊಂಡು ಓಡಿದಳು. ನಿಲ್ದಾಣದ ಪುಟ್ಟ ರೈಲು ಹತ್ತಿ ಇನ್ನೊಂದು ಟರ್ಮಿನಲ್ಲಿಗೆ ಹೋದಳು. ಸೂಟ್‌ಕೇಸಿನೊಳಗೆ ಏನೋ ಮುರಿದ ಸದ್ದಾಯಿತು. ಅವಳು ಹಿಂತಿರುಗಿ ನೋಡಲಿಲ್ಲ.

ಸೂಟ್‌ಕೇಸು ಒಳಗೆ ಹೋಯಿತು. ಎರಡು ಗಂಟೆ ಹಿಡಿದು ಭದ್ರತೆಯ ಸಾಲು ಮುಗಿಯಿತು. ಗೇಟಿನ ಮೇಲೆ ‘ಅಥೆನ್ಸ್’ ಎಂದು ಕಂಡಾಗ ಬೆಳಗಿನಿಂದ ಮೊದಲ ಸಲ ಅವಳಿಗೆ ನಿರಾಳವಾಯಿತು. ಸುತ್ತ ಗ್ರೀಕ್ ಅಜ್ಜಿಯರು, ಅಪರಿಚಿತ ಮಾತು. ಎಂಥ ಸುಖ!

ಖಾಲಿ ಸೀಟಿನಲ್ಲಿ ಕುಳಿತಳು. ಎದುರಿನ ಸೀಟಿನಲ್ಲಿ ಒಬ್ಬಳು ಹುಡುಗಿ ಒಬ್ಬ ಹುಡುಗನ ಭುಜದ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಹುಡುಗ ತಲೆಯೆತ್ತಿದ. ಅವನ ಕೈಯಲ್ಲಿದ್ದ ಬಿಸ್ಕತ್ತು ಬಾಯಿಯ ದಾರಿಯಲ್ಲೇ ನಿಂತಿತು.

"ಲಾಸ್ಯಾ" ಎಂದ ಅವನು ಮೆಲ್ಲಗೆ. "ಲಾಸ್ಯಾ, ವೇಕಪ್. ಕೌಸಲ್ಯಾ ಆಂಟಿ."

ಹಂಸಾಳ ಮಗ ಧ್ರುವ್. ರಂಜನಿಯ ಮಗಳು ಲಾಸ್ಯಾ.

"ಓ ಮೈ ಗಾಡ್" ಎಂದಳು ಲಾಸ್ಯಾ. "ಆಂಟಿ! ನೀವು ಬಾಸ್ಟನ್‌ನಲ್ಲಿ ನನ್ನ ರೂಮ್ ಹತ್ರ ಇರ್ಬೇಕಲ್ವಾ?"

"ನೀನು ಬಾಸ್ಟನ್‌ನಲ್ಲಿ ನಿನ್ನ ರೂಮಿನ ಒಳಗೆ ಇರ್ಬೇಕಲ್ವಾ?"

"ನೀವು ಬರ್ತೀರ ಅಂತ ಅಮ್ಮ ಮೊನ್ನೆನೇ ಮೆಸೇಜ್ ಮಾಡಿದ್ಲು. ಬಂದ್ರೆ ನಾನು ಲ್ಯಾಬ್‌ನಲ್ಲಿದೀನಿ ಅಂತ ಹೇಳೋಕೆ ರೂಮ್‌ಮೇಟ್‌ಗೆ ಹೇಳಿ ಬಂದಿದೀನಿ. ಶೀ ಪ್ರಾಕ್ಟೀಸ್ಡ್ ಇಟ್ ಆಂಡ್ ಎವ್ರಿಥಿಂಗ್. ಇಲ್ಲಿಂದ ಟಿಕೆಟ್ ಚೀಪ್ ಅಂತ ನಿನ್ನೆ ಬಸ್ಸಲ್ಲಿ ಬಂದ್ವಿ."

ಮೂವರೂ ಒಂದು ಕ್ಷಣ ಗೇಟಿನ ಬೋರ್ಡನ್ನು ನೋಡಿದರು. ಅದು ಬದಲಾಗಲಿಲ್ಲ.

"ಆಂಟಿ, ಪ್ಲೀಸ್, ನಮ್ಮವ್ವಗ ಹೇಳಬ್ಯಾಡ್ರಿ" ಎಂದ ಧ್ರುವ್. ಅಮೆರಿಕದಲ್ಲೇ ಹುಟ್ಟಿದ ಅವನಿಗೆ ಭಯವಾದಾಗ ಮಾತ್ರ ಧಾರವಾಡ ಬರುತ್ತಿತ್ತು. "ಲಾಸ್ಯಾನ ಹೆಸರು ಕೇಳಿದ್ರ ಉಣ್ಣೂದ ಬಿಡ್ತಾಳ."

ಕೌಸಲ್ಯಾಳ ತಲೆಯಲ್ಲಿ ಲೆಕ್ಕ ಸರಸರ ಓಡಿತು. ಇವರು ತನ್ನ ವಿಷಯ ಹೇಳುವಂತಿಲ್ಲ, ತಾನು ಇವರ ವಿಷಯ ಹೇಳುವಂತಿಲ್ಲ. "ನಾನು ನಿಮ್ಮನ್ನ ನೋಡಿಲ್ಲ, ನೀವು ನನ್ನ ನೋಡಿಲ್ಲ. ಸರಿಯಾ?" ಎಂದಳು. ಮಕ್ಕಳು ಗೋಣು ಹಾಕಿದರು. ಅವರು ಹೋಗುತ್ತಿದ್ದದ್ದು ಬೇರೆಯೇ ದ್ವೀಪಕ್ಕೆ, ಕುಣಿತ ಕಡಲಂಚು ಇರುವ ಕಡೆ. ಲಾಸ್ಯಾಳಾದರೋ ಮೈಕೈ ತುಂಬಿಕೊಂಡು ಚೆನ್ನಾಗಿಯೇ ಇದ್ದಳು. ರಂಜನಿಗೆ ಹೇಳಲು ಒಂದಾದರೂ ನಿಜ ಸಿಕ್ಕಿತಲ್ಲ ಎಂದು ಕೌಸಲ್ಯಾಗೆ ಸಮಾಧಾನವಾಯಿತು.

ಆಗ ಫೋನು ಹೊಡೆದುಕೊಂಡಿತು. ರಂಜನಿ. ವಿಡಿಯೋ ಕಾಲ್.

"ಎತ್ತಬೇಡಿ!" ಎಂದಳು ಲಾಸ್ಯಾ.

"ಎತ್ತದಿದ್ರೆ ಆಫೀಸಿಗೇ ಫೋನ್ ಮಾಡ್ತಾಳೆ ನಿಮ್ಮಮ್ಮ" ಎಂದು ಕೌಸಲ್ಯಾ ಎತ್ತಿದಳು.

ಪರದೆಯ ತುಂಬ ರಂಜನಿಯ ಹಣೆ. "ಇಳಿದ್ಯೇನೇ? ಹಿಂದೆ ಏರ್‌ಪೋರ್ಟ್ ಕಾಣ್ತಿದೆ. ಲಾಸ್ಯಾ ಫೋನೇ ಎತ್ತುತ್ತಿಲ್ಲ ಕಣೇ, ಬೆಳಿಗ್ಗೆಯಿಂದ. ನಂಗ್ಯಾಕೋ ಎದೆ ಡವಡವ ಅಂತಿದೆ. ಪೊಲೀಸ್‌ಗೆ ಫೋನ್ ಮಾಡ್ಲಾ?"

ಅವಳ ಕಣ್ಣು ಕೆಂಪಾಗಿತ್ತು. ಕೌಸಲ್ಯಾಗೆ ಯೋಚಿಸಲು ಸಮಯವಿರಲಿಲ್ಲ. ಲಾಸ್ಯಾಳ ತೋಳು ಹಿಡಿದು ಎಳೆದು ಪರದೆಯೊಳಗೆ ತಂದಳು.

"ಇಲ್ಲೇ ಇದಾಳೆ ನೋಡು. ನನ್ನ ಕರ್ಕೊಂಡು ಹೋಗೋಕೆ ಬಂದಿದಾಳೆ."

"ಹಾಯ್ ಅಮ್ಮಾ" ಎಂದಳು ಲಾಸ್ಯಾ, ನೆಗಡಿಯಾದವಳ ದನಿಯಲ್ಲಿ.

ರಂಜನಿ ಅತ್ತೇಬಿಟ್ಟಳು. "ನನ್ನ ಮಗಳೇ! ಏರ್‌ಪೋರ್ಟಿಗೇ ಬಂದ್ಯಾ! ನಾನು ಏನೇನೋ ಅಂದ್ಕೊಂಡಿದ್ನಲ್ಲೇ..." ಮೂಗು ಒರೆಸಿಕೊಂಡಳು. ಅತ್ತು ಮುಗಿದ ಮೇಲೆ ಎಂದಿನ ರಂಜನಿ ಎದ್ದುಬಂದಳು. "ಕೌಸಲ್ಯಾ, ಆ ಹೋಟೆಲ್ ಕ್ಯಾನ್ಸಲ್ ಮಾಡು. ಇವಳ ಜೊತೇಲೇ ಇರು. ಅಷ್ಟೂ ದಿನ. ನಾಳೆಯಿಂದ ದಿನಾ ಸಾಯಂಕಾಲ ಆರು ಗಂಟೆಗೆ ಇಬ್ರೂ ಒಟ್ಟಿಗೆ ಕೂತು ನಂಗೆ ಕಾಲ್ ಮಾಡಿ. ನೋಡಿದ್ರೆ ನಂಗೆ ನಿದ್ದೆ ಬರುತ್ತೆ. ಇಲ್ಲಾಂದ್ರೆ ನಾನೇ ಕಾರ್ ತಗೊಂಡು ಬರ್ತೀನಿ."

ಪಕ್ಕದಿಂದ ಹಂಸಾಳ ಅರ್ಧ ಮುಖ ತೂರಿಬಂತು. "ಧ್ರುವನ್ನೂ ಕರೀರಿ ಊಟಕ್ಕ. ರೊಟ್ಟಿ ಅವನ ಕೈಯಾಗ ನೋಡಬೇಕು ನಾ. ಆದ್ರ ಲಾಸ್ಯಾನ ಬಾಜೂಕ ಅವನ್ನ ಕೂಡಿಸಬ್ಯಾಡ್ರಿ, ನೀ ನಡುವ ಕೂಡು ಕೌಸಲ್ಯಾ."

ಫೋನು ಕತ್ತಲಾಯಿತು. ಧ್ರುವ್ ಬೆರಳು ಮಡಚಿ ಎಣಿಸಿದ. "ಎಡಿಸನ್‌ನಲ್ಲಿ ಆರು ಅಂದ್ರೆ ಗ್ರೀಸ್‌ನಲ್ಲಿ ರಾತ್ರಿ ಒಂದು. ಕಿಟಕಿಗೆ ಬೆಡ್‌ಶೀಟ್ ಹಾಕ್ಬೇಕು, ಕತ್ತಲೆ ಕಾಣಬಾರದು."

"ಆಂಟಿ, ನಾವು ನಿಮ್ಮ ಜೊತೇಲೇ ಬರಬೇಕಾಗುತ್ತೆ" ಎಂದಳು ಲಾಸ್ಯಾ. ಆಗಲೇ ಅವಳ ಮುಖದ ಮೇಲೆ ಬಣ್ಣ ವಾಪಸಾಗಿತ್ತು. "ಇಟ್ಸ್ ಆಕ್ಚುಲಿ ಪರ್ಫೆಕ್ಟ್. ನೀವು ಹೋಗ್ತಿರೋ ಊರು ಯಾವುದು? ಅಲ್ಲಿ ಕಿಚನ್ ಇದ್ಯಾ? ಧ್ರುವ್, ಯೂ ಹ್ಯಾವ್ ನೋ ಐಡಿಯಾ, ಆಂಟಿ ಮಾಡೋ ಪೂರಿ..."

"ನೀವಿದ್ರ ನಮಗ ಚಿಂತಿನ ಇಲ್ಲ ಆಂಟಿ" ಎಂದ ಧ್ರುವ್.

ವಿಮಾನ ಹತ್ತಲು ಕರೆದರು. ಅಜ್ಜಿಯರು ಚೀಲ ಹೊತ್ತು ಎದ್ದರು. ಕೌಸಲ್ಯಾ ಹಳ್ಳಿಯ ಹೆಸರನ್ನು ನಿಧಾನವಾಗಿ ಬಿಡಿಸಿ ಹೇಳಿದಳು. ಅತಿಥಿಗೃಹದ ವಿಳಾಸವನ್ನು ಇಬ್ಬರ ಫೋನಿಗೂ ಕಳಿಸಿದಳು. ಬೀಗದ ಕೈ ಪಕ್ಕದ ಮನೆಯಲ್ಲಿರುತ್ತದೆ, ನನ್ನ ಹೆಸರು ಹೇಳಿದರೆ ಕೊಡುತ್ತಾರೆ ಎಂದಳು. ಆಂಟಿ ಯಾಕೆ ಇದನ್ನೆಲ್ಲ ಈಗಲೇ ಹೇಳುತ್ತಿದ್ದಾರೆ ಎಂದು ಮಕ್ಕಳಿಗೆ ಹೊಳೆಯಲಿಲ್ಲ. ಅವರು ಆಗಲೇ ಬೆಡ್‌ಶೀಟಿನ ಬಣ್ಣದ ಬಗ್ಗೆ ವಾದಿಸುತ್ತಿದ್ದರು.

ಸಾಲು ಮುಂದೆ ಸರಿಯಿತು. ಅಥೆನ್ಸಿನಿಂದ ನಾಕ್ಸೋಸ್‌ಗೆ ಹೋಗುವ ಹಡಗು ನಡುವೆ ಇನ್ನೊಂದು ದ್ವೀಪದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಟಿಕೆಟ್ ತೆಗೆಯುವಾಗ ಕೌಸಲ್ಯಾ ನೋಡಿದ್ದಳು. ಆ ದ್ವೀಪದ ಒಂದು ಫೋಟೋವನ್ನೂ ಅವಳು ಕಂಡಿರಲಿಲ್ಲ. ಅಲ್ಲಿ ಕುರ್ಚಿಯಿದೆಯೋ ಇಲ್ಲವೋ, ಮಲಗಲು ಜಾಗ ಸಿಗುತ್ತದೋ ಇಲ್ಲವೋ, ಸೂಟ್‌ಕೇಸನ್ನು ಏನು ಮಾಡುವುದೋ, ಮೊದಲ ಸಂಜೆ ಆರು ಗಂಟೆಗೆ ರಂಜನಿ ಏನು ಮಾಡುತ್ತಾಳೋ, ಒಂದೂ ಗೊತ್ತಿರಲಿಲ್ಲ.

ಆದರೂ ಅಲ್ಲಿ ತಾನೊಬ್ಬಳೇ ಇಳಿದುಬಿಡಬೇಕು ಎಂದು ನಿಶ್ಚಯಿಸಿದಳು.

"ಏನು ಯೋಚನೆ ಮಾಡ್ತಿದೀರಾ ಆಂಟಿ?" ಎಂದು ಲಾಸ್ಯಾ ಕೇಳಿದಳು.

"ಏನಿಲ್ಲಮ್ಮ" ಎಂದು ಕೌಸಲ್ಯಾ ಬೋರ್ಡಿಂಗ್ ಪಾಸ್ ಮುಂದೆ ಚಾಚಿದಳು.