ಗಣಪತಿಯ ಪೀಠದ ಸದ್ದು

ಯಂತ್ರವೊಂದು ಸದ್ದು ಮಾಡಿದರೆ ಸುತ್ತ ನಿಂತವರೆಲ್ಲ ಇಂಜಿನಿಯರುಗಳಾಗುತ್ತಾರೆ. ನಿಜವಾದ ಇಂಜಿನಿಯರನ ಬಾಯಿಗೆ ಮಾತ್ರ ಬೀಗ ಬೀಳುತ್ತದೆ. ಪಟಾನ್‌ಚೆರುವಿನ ಕಾರ್ಖಾನೆಯಲ್ಲಿ ಯಂತ್ರಗಳನ್ನು ಗದರಿಸಿ ಸಂಬಳ ಪಡೆಯುವ ನನಗೆ ಈ ಸತ್ಯ ತಿಳಿದದ್ದು ತಾರ್ನಾಕದ ನಮ್ಮ ಅಪಾರ್ಟ್‌ಮೆಂಟಿನ ಗಣೇಶೋತ್ಸವದಲ್ಲಿ.

ನಾಲ್ಕೂ ಕಡೆ ಕುಳಿತವರಿಗೆ ದರ್ಶನವಾಗಲೆಂದು ಗಣಪತಿಯ ಪೀಠ ನಿಧಾನವಾಗಿ ತಿರುಗುವ ಹಾಗೆ ಮಾಡುತ್ತೇನೆಂದು ಸಭೆಯಲ್ಲಿ ಜಂಬ ಕೊಚ್ಚಿಕೊಂಡಿದ್ದೆ. ಪೀಠದ ಕೆಳಗೆ, ಪುಟ್ಟ ಪುಟ್ಟ ಹೆಜ್ಜೆಯಿಟ್ಟು ತಿರುಗುವ ಸ್ಟೆಪ್ಪರ್ ಮೋಟರ್ ಕೂರಿಸಿದೆ. ಸ್ವಿಚ್ ಒತ್ತಿದೆ. ಗಣಪತಿ ತಿರುಗಿದ, ನಿಜ. ಆದರೆ ಬುಡದಿಂದ ಹಲ್ಲುನೋವಿನವರು ನರಳಿದಂಥ ಸದ್ದು ಎದ್ದಿತು. ಪೂಜೆಗೆ ಬಂದಿದ್ದ ವಿಜಯಪುರದ ಕಡೆಯ ಅಯ್ಯನವರು ಮಂತ್ರವನ್ನು ಅರ್ಧಕ್ಕೇ ನಿಲ್ಲಿಸಿದರು.

"ಇದಾ ಮಂತ್ರ ಹೇಳಾಕತ್ತೈತಿ, ನಾ ಯಾಕ ಬೇಕ್ರಿ? ಸಂಜಿ ಪೂಜಿಗೂ ಹಿಂಗಾ ಇದ್ರ ಬ್ಯಾರೆಯವರನ್ನ ನೋಡ್ಕೋರಿ."

ಹಬ್ಬದ ದಿನ ಹೈದರಾಬಾದಿನಲ್ಲಿ ಬೇರೆಯವರು ಎಲ್ಲಿ ಸಿಗಬೇಕು? ಚಿಕಿತ್ಸೆ ಶುರುವಾಯಿತು. ಕಾರ್ಯದರ್ಶಿ ರೆಡ್ಡಿಗಾರು ದೀಪದ ಎಣ್ಣೆಯನ್ನೇ ಮೋಟರಿಗೆ ಸುರಿದರು. ಮೂರನೆಯ ಮಹಡಿಯ ನಿವೃತ್ತ ಪ್ರೊಫೆಸರು ಮೋಟರಿನ ಕೆಳಗೆ ರಬ್ಬರ್ ಚಪ್ಪಲಿ ಇಡಿ ಎಂದರು. "ದೇವರ ಬುಡಕ್ಕ ಚಪ್ಪಲಿ ಇಡ್ತೀರೇನ್ರಿ?" ಎಂದು ನನ್ನ ಹೆಂಡತಿ ನನ್ನನ್ನೇ ಬೈದಳು. ನಾನೂ ಕಡಿಮೆಯವನಲ್ಲ, ಮೋಟರಿಗೆ ಕರೆಂಟ್ ಅಳೆದು ಕೊಡುವ ಡ್ರೈವರ್ ಎಂಬ ಬಿಲ್ಲೆಯ ತಿರುಪು ತಿರುಗಿಸಿ ಕರೆಂಟ್ ಹೆಚ್ಚಿಸಿದೆ. ನರಳುತ್ತಿದ್ದದ್ದು ಈಗ ಕಿರುಚತೊಡಗಿತು.

ಕೊನೆಗೆ, ಮೊದಲೇ ಮಾಡಬೇಕಾದದ್ದನ್ನು ಮಾಡಿದೆ. ಕರೆಂಟಿನ ನಡೆಯನ್ನು ಗೆರೆಯಾಗಿ ತೋರಿಸುವ ಹಳೆಯ ಆಸಿಲೋಸ್ಕೋಪನ್ನು ಅಟ್ಟದಿಂದ ಇಳಿಸಿ ಡ್ರೈವರಿಗೆ ಜೋಡಿಸಿದೆ. ನುಣುಪಾಗಿ ಏರಿಳಿಯಬೇಕಾದ ಅಲೆ ಸೊನ್ನೆ ದಾಟುವಲ್ಲೆಲ್ಲ ಎಡವುತ್ತಿತ್ತು. ಎಡವಿದಾಗಲೆಲ್ಲ ಮೋಟರ್ ನರಳುತ್ತಿತ್ತು. ಕರೆಂಟ್ ತಗ್ಗಿಸಿದೆ, ಅದು ಇಳಿಯುವ ರೀತಿಯ ಸೆಟ್ಟಿಂಗನ್ನೂ ಬದಲಿಸಿದೆ. ಅಲೆ ದುಂಡಗಾಯಿತು, ಸದ್ದು ಅಡಗಿತು. ಸಂತೋಷಕ್ಕೆ ನನ್ನ ಕಣ್ಣು ತುಂಬಿ ಬಂತು.

ಸಂಜೆ ಅಯ್ಯನವರು ಪೀಠಕ್ಕೆ ಕಿವಿಗೊಟ್ಟು ಕೇಳಿ, "ಭಾಳ ಚಲೋ ಆತು. ಹ್ಯಾಂಗ ಮಾಡಿದ್ರಿ?" ಎಂದರು. ಕೇಳಬಾರದಿತ್ತು. ನಾನು ಅಲೆಯ ಜಾತಕವನ್ನೆಲ್ಲ ಬಿಡಿಸಿಟ್ಟೆ. ಹಚ್ಚಿದ್ದ ಕರ್ಪೂರ ಉರಿದು ಹೋಯಿತು, ರೆಡ್ಡಿಗಾರು ಆಕಳಿಸಿದರು, ನಾನಿನ್ನೂ ಸೊನ್ನೆಯನ್ನೇ ದಾಟಿರಲಿಲ್ಲ.

"ಮೋಟರ್ ಸುಮ್ಮನಾಗಿ ಏನ್ ಬಂತ್ರಿ, ಅಯ್ಯನವರಿಗೆ ಇನ್ನೂ ಬಾಯಿ ತೆಗಿಯಾಕ ಆಗವಲ್ದು" ಎಂದಳು ಹೆಂಡತಿ.

ದೇವರಾದರೂ ನನ್ನ ಪರ ಇದ್ದಾನೆಯೇ ಎಂದು ಪೀಠದ ಕಡೆ ನೋಡಿದೆ. ಗಣಪತಿ ಒಂದಿಷ್ಟೂ ಸದ್ದಿಲ್ಲದೆ ನನಗೆ ಬೆನ್ನು ತಿರುಗಿಸುತ್ತಿದ್ದ.